ಗಂಗಾಳಕ್ಕೆ ಹಾಕಿದ ನೀರು

ಧಾರವಾಡ
ಭಾನುವಾರ, ೯ ಫೆಬ್ರವರಿ ೨೦೨೫

ಸಿಟ್ಟು ಮಾಡಿಕೊಂಡು ಮುಗದ ಸೇರಿರುವ ನನ್ನ ಅವ್ವನಿಗೆ,

ನಿನ್ನ ಕರುಣಾ ಮಾಡುವ ನಮಸ್ಕಾರಗಳು.

ಮೇಲೆ ಊರು, ವಾರ, ದಿನಾಂಕ ಎಲ್ಲವನ್ನೂ ಬರೆದಿದ್ದೇನೆ, ನೋಡಿಕೋ. ಇಡೀ ತಾಲೂಕಿನ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿ ನಿವೃತ್ತಳಾದ ಹೆಡ್‌ಮಿಸ್ಟ್ರೆಸ್‌ಗೆ ಬರೆಯುವಾಗ ಅಷ್ಟಾದರೂ ಸರಿ ಇರಬೇಕಲ್ಲ. ನೀನು ಫೋನ್ ಬಂದ್ ಮಾಡಿ ಅಜ್ಜಿಯ ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದೀಯಂತೆ. ನಿನ್ನ ತಮ್ಮ ಯಲ್ಲೇಶ ಮಾಮಾನೇ ಹೇಳಿದ. ಅಕ್ಕಿ ಡಬ್ಬಿಗೆ ಫೋನ್ ಮಾಡಿ ನನಗೇನೂ ಉಪಯೋಗ ಇಲ್ಲ. ಅದಕ್ಕೇ ಈ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಹೇಗೂ ಅವನ ಟಂಟಂ ರಿಕ್ಷಾ ಧಾರವಾಡದಿಂದ ಮುಗದಕ್ಕೆ ದಿನಾ ಓಡಾಡುತ್ತದೆ. ನೀನು ಪೂರ್ತಿ ಓದುವ ತನಕ ಗಾಡಿ ತಿರುಗಿಸಬೇಡ ಎಂದು ಅವನಿಗೆ ಆಣೆ ಹಾಕಿದ್ದೇನೆ. ಪಾಪ, ಮುಂದಿನ ಟ್ರಿಪ್ ತಪ್ಪೀತು. ಲಗೂ ಓದು, ಆದರೆ ಸಾಲು ಹಾರಿಸಬೇಡ.

ಮೊದಲೇ ಹೇಳಿಬಿಡುತ್ತೇನೆ. ಈ ತಿಂಗಳ ಇಪ್ಪತ್ತೆಂಟಕ್ಕೆ ನನ್ನ ಮತ್ತು ಪ್ರಸಾದನ ಮದುವೆ, ರಜಿಸ್ಟರ್ ಕಚೇರಿಯಲ್ಲಿ, ಮೊದಲು ಗೊತ್ತಾದ ಹಾಗೆಯೇ. ನಡುವೆ ನಾನೇ ಅದನ್ನು ಮುರಿದು ಹಾಕಿದ್ದೆ, ಆ ಕಥೆ ಮುಂದೆ ಬರುತ್ತದೆ. ಮುರಿದದ್ದು ನಿನಗೆ ಗೊತ್ತಾಗುವ ಮೊದಲೇ ‘ನಾ ಬರೂದಿಲ್ಲ’ ಎಂದು ಹೇಳಿ ನೀನು ಚೀಲ ಎತ್ತಿಕೊಂಡು ಹೋದೆ. ನೀನು ಬರದಿದ್ದರೂ ಮದುವೆ ನಿಲ್ಲುವುದಿಲ್ಲ ಅವ್ವಾ, ಅಷ್ಟು ಗಟ್ಟಿಯಾಗಿ ನನ್ನನ್ನು ಬೆಳೆಸಿದವಳು ನೀನೇ. ಆದರೆ ಸಾಕ್ಷಿಯ ಜಾಗದಲ್ಲಿ ನಿನ್ನ ಸಹಿ ಇರಬೇಕು ಎನ್ನುವುದು ನನ್ನ ಆಸೆ. ಬೇರೆ ಯಾರದೋ ಸಹಿ ಹಾಕಿಸಿಕೊಂಡು ಮನೆಗೆ ಬಂದರೆ ಆ ದಿನದ ಊಟ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಹೋದ ಭಾನುವಾರ ಹುಬ್ಬಳ್ಳಿಯಲ್ಲಿ ಪ್ರಸಾದನ ಮನೆಯಲ್ಲಿ ಆದದ್ದನ್ನು ಮತ್ತೆ ತೆಗೆಯುತ್ತಿದ್ದೇನೆ. ‘ನಾನೂ ಅಲ್ಲೇ ಇದ್ದೆನಲ್ಲ, ನನಗೇನು ಹೇಳ್ತಿ’ ಎನ್ನಬೇಡ. ನೀನು ಕಂಡದ್ದು ಬೇರೆ, ನಾನು ಕಂಡದ್ದು ಬೇರೆ.

ಬಂದ ಹೆಣ್ಣುಮಕ್ಕಳು ಮೊದಲು ಉಣ್ಣಲಿ ಎಂದು ನಮ್ಮಿಬ್ಬರನ್ನೇ ಕೂರಿಸಿದ್ದರು. ಪ್ರಸಾದ ಎಲೆ ಅಡಿಕೆ ತರಲು ಹೋಗಿದ್ದ. ಅವನ ಅಪ್ಪ ಶಾಂತಯ್ಯನವರು ಪಡಸಾಲೆಯಲ್ಲಿ ಯಲ್ಲೇಶ ಮಾಮಾನಿಗೆ ಕಡಲೆ ಧಾರಣೆಯ ಏರಿಳಿತ ವಿವರಿಸುತ್ತಿದ್ದರು. ಕಾಳಿನ ಅಡತಿ ಅಂಗಡಿಯವರಿಗೆ ಬೇರೆ ಯಾವ ಮಾತು ಬರುತ್ತದೆ! ಪ್ರಸಾದನ ಅವ್ವ ಶಿವಬಸವ್ವನವರು ಅಡ್ಡಣಿಗೆಯ ಮೇಲೆ ಕಂಚಿನ ಗಂಗಾಳ ಇಟ್ಟು ನಮಗೆ ಬಡಿಸಿದರು. ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಹೋಳಿಗೆ. ಮಾತು ಕಡಿಮೆ ಇತ್ತು, ತುಪ್ಪ ಜಾಸ್ತಿ ಇತ್ತು. ಅವರು ನಮ್ಮ ಮದುವೆಗೆ ಸುಲಭವಾಗಿ ಒಪ್ಪಿದವರಲ್ಲ. ‘ಮಂದಿ ಏನಂದಾರು’ ಎಂದು ಮಗನನ್ನು ಆರೆಂಟು ತಿಂಗಳು ಕುಣಿಸಿದ್ದರು. ಅದಕ್ಕೇ ನಾನು ಉಣ್ಣುವಾಗಲೂ ಅವರ ಮುಖವನ್ನೇ ಓದುತ್ತ ಕೂತಿದ್ದೆ. ತುತ್ತು ಇಳಿಯಲಿಲ್ಲ. ನೀನು ಮಾತ್ರ ತಲೆ ತಗ್ಗಿಸಿ, ನೀಟಾಗಿ, ಒಂದು ಅಗುಳೂ ಬಿಡದೆ ಉಂಡೆ.

ಆಗಲೇ ಅವರು ತಂಬಿಗೆ ಹಿಡಿದುಕೊಂಡು ಬಂದರು. ನನ್ನನ್ನು ದಾಟಿ ನಿನ್ನ ಮುಂದೆ ಬಗ್ಗಿ, ನಿನ್ನ ಖಾಲಿ ಗಂಗಾಳಕ್ಕೆ ನೀರು ಹಾಕಿದರು.

ನೀನು ಆ ನೀರನ್ನು ನೋಡಿದೆ. ಗಂಗಾಳ ಎತ್ತಿಕೊಂಡು ಎದ್ದು ಹಿತ್ತಲಿಗೆ ಹೋದೆ. ನಳದ ಕೆಳಗೆ ಕೂತು ಅದನ್ನು ತೊಳೆದು, ಗೋಡೆಯ ಬುಡಕ್ಕೆ ಬೋರಲು ಇಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ಬಾಗಿಲಿಗೆ ನಡೆದೆ. ಕುಂಕುಮ ಇಲ್ಲ, ಎಲೆ ಅಡಿಕೆ ಇಲ್ಲ, ‘ಬರ್ತೀವ್ರಿ’ ಎನ್ನುವ ಒಂದು ಮಾತೂ ಇಲ್ಲ. ಶಿವಬಸವ್ವನವರು ತಂಬಿಗೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

ಟಂಟಂ ನವಲೂರು ದಾಟಿದ ಮೇಲೆ ನೀನು ಬಾಯಿ ಬಿಟ್ಟೆ. “ನಮ್ಮವ್ವ ತೊಳದಿಟ್ಟ ಗಂಗಾಳ ನನ್ನ ಸಲುವಾಗಿ ಕಾಯಾಕತ್ತಿತ್ತು ನೋಡು, ಕರುಣಾ. ಹೆಡ್‌ಮಿಸ್ಟ್ರೆಸ್ ಆದ್ರೂ ಬಿಡಲಿಲ್ಲ.”

ನಿನ್ನ ಅವ್ವ, ನಮ್ಮ ಕಸ್ತೂರೆವ್ವಜ್ಜಿ, ವಯಸ್ಸಿನಲ್ಲಿದ್ದಾಗ ಊರಿನ ದೊಡ್ಡ ಮನೆಯೊಂದರಲ್ಲಿ ದುಡಿಯುತ್ತಿದ್ದಳು ಎನ್ನುವುದು ನನಗೆ ಗೊತ್ತಿತ್ತು. ಉಳಿದದ್ದನ್ನೆಲ್ಲ ನೀನು ಹೇಳಿದ್ದು ಅವತ್ತೇ. ಹಿತ್ತಲಲ್ಲಿ ಕೂರಿಸಿ ಉಣ್ಣಲು ಹಾಕುತ್ತಿದ್ದರು. ಉಂಡ ಮೇಲೆ ಯಜಮಾನಿ ಮೇಲಿನಿಂದ ನೀರು ಸುರಿಯುತ್ತಿದ್ದಳು. ಅಜ್ಜಿ ತನ್ನ ಗಂಗಾಳವನ್ನು ತಾನೇ ತೊಳೆದು ಗೋಡೆಯ ಬುಡಕ್ಕೆ ಬೋರಲು ಇಟ್ಟು ಬರುತ್ತಿದ್ದಳು, ಒಳಗಿನ ಪಾತ್ರೆಗಳಿಗೆ ಅದು ತಾಗಬಾರದು. ನೀನು ಅವಳ ಸೆರಗು ಹಿಡಿದು ನಿಂತು ನೋಡುತ್ತಿದ್ದೆ. ಇದನ್ನು ಕೇಳಿ ನನ್ನ ಮೈ ಉರಿಯಿತು. ಮನೆಗೆ ಬಂದವಳೇ ಪ್ರಸಾದನಿಗೆ ಫೋನ್ ಮಾಡಿ ‘ಮುಗೀತು’ ಎಂದೆ. ‘ಏನಾತು, ಅದನ್ನರ ಹೇಳು’ ಎಂದು ಅವನು ಕೇಳುತ್ತಲೇ ಇದ್ದ. ನಾನೂ ಫೋನ್ ಬಂದ್ ಮಾಡಿದೆ. ನನ್ನ ಹತ್ತಿರ ಅಕ್ಕಿ ಡಬ್ಬಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನೀನು ಮುಗದಕ್ಕೆ ಹೋದ ಮೇಲೆ ಮನೆಯಲ್ಲಿ ನಿನ್ನ ನೀಲಿ ಕಪ್ ಕಣ್ಣಿಗೆ ಬಿತ್ತು. ಎಲ್ಲಿ ವರ್ಗವಾದರೂ ಆ ಕಪ್ ನಿನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಚಹಾ ಬಂದರೆ ಅದರಲ್ಲೇ ಹಾಕಿಸಿಕೊಳ್ಳುತ್ತಿದ್ದೆ. ‘ನಮ್ಮ ಅಕ್ಕೋರದು ಭಾಳ ಮಡಿರಿ’ ಎಂದು ನಿನ್ನ ಶಾಲೆಯ ಪ್ಯೂನ್ ಶಿದ್ದಪ್ಪ ನನಗೆ ನಗುತ್ತ ಹೇಳಿದ್ದ. ನಾನೂ ನಕ್ಕಿದ್ದೆ, ಅವ್ವನಿಗೆ ಸ್ವಚ್ಛತೆಯ ಹುಚ್ಚು ಎಂದು. ಬೇರೆಯವರು ಬೇರೆ ಕಪ್ ಕೊಡುವ ಮೊದಲು ನೀನೇ ನಿನ್ನ ಕಪ್ ತೆಗೆದು ಮುಂದಿಡುತ್ತಿದ್ದೆ. ಅದು ಈಗ ಗೊತ್ತಾಯಿತು. ‘ಮಂದಿ ಮನ್ಯಾಗ ಉಂಡ್ರ ಒಂದು ಅಗಳ ಬಿಡಬ್ಯಾಡ’ ಎಂದು ಚಿಕ್ಕಂದಿನಿಂದ ನನ್ನ ತೊಡೆ ಚಿವುಟುತ್ತಿದ್ದದ್ದೂ ಯಾಕೆ ಎಂದು ಗೊತ್ತಾಯಿತು. ಇವೆಲ್ಲ ನಿನ್ನ ಸ್ವಭಾವ ಎಂದುಕೊಂಡಿದ್ದೆ. ಆ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅತ್ತೆ, ಅವ್ವಾ. ಅತ್ತಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಬುಧವಾರ ರಜೆ ಹಾಕಿದೆ. ದೀಪಾವಳಿಗೆ ಶಿವಬಸವ್ವನವರು ಕಳಿಸಿದ್ದ ಇಳಕಲ್ ಸೀರೆಯನ್ನು ತಿರುಗಿ ಕೊಡಲೆಂದು ಪೇಪರಿನಲ್ಲಿ ಸುತ್ತಿ ಹುಬ್ಬಳ್ಳಿಯ ಬಸ್ ಹತ್ತಿದೆ. ಇಲ್ಲೇ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ನಮ್ಮ ಯುನಿಟ್‌ನಲ್ಲಿ ನನ್ನ ಪಕ್ಕದ ಟೇಬಲಿನಲ್ಲಿ ಕೂರುವ ಫಿಜಾ ನಿನಗೆ ಗೊತ್ತಲ್ಲ. ಹೊರಡುವ ಮೊದಲು ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದೆ. “ಗೇಜ್ ಹಚ್ಚಿ ನೋಡೀ ಏನ, ಇಲ್ಲಾ ಬರೇ ಕಣ್ಣಿಲೆ ರಿಜೆಕ್ಟ್ ಮಾಡೀ?” ಎಂದು ಕೇಳಿದಳು. ದಿನವಿಡೀ ಶಾಫ್ಟ್‌ಗಳಲ್ಲಿ ತಪ್ಪು ಹುಡುಕುವ ಕೆಲಸ ನಮ್ಮದು. ಮನೆಗೆ ಬಂದರೂ ಸ್ಟೀಲ್ ಲೋಟದ ಅಂಚನ್ನು ಬೆರಳಿನಿಂದ ಸವರಿ ನೋಡುವಷ್ಟು ನನ್ನ ಕಣ್ಣು, ಕೈ ಎರಡೂ ಕೆಟ್ಟಿವೆ. ಆದರೂ ಗೇಜಿನಿಂದ ಅಳೆಯದೆ ಒಂದು ಪೀಸನ್ನೂ ನಾವು ರಿಜೆಕ್ಟಿನ ಕೆಂಪು ಡಬ್ಬಿಗೆ ಹಾಕುವುದಿಲ್ಲ. ‘ಕಣ್ಣಿಲೇನ ಸಾಕು’ ಎಂದು ಅವಳಿಗೆ ಹೇಳಿ ಫೋನ್ ಇಟ್ಟೆ.

ಜಗಳ ಆಡಲಿಕ್ಕೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಳ್ಳೆ ಖಾರವಾಗಿದ್ದವು.

ಹೋದಾಗ ಶಾಂತಯ್ಯನವರು ಊಟದ ಕೊನೆಯಲ್ಲಿದ್ದರು. ಶಿವಬಸವ್ವನವರು ನನ್ನನ್ನು ಕಂಡು ಗಾಬರಿಯಾದರು. “ಬಾರವ್ವಾ, ಒಳಗ ಬಾ. ಊಟಕ್ಕ ಕೂಡು” ಎಂದರು. “ನಾ ಕೂಡಾಕ ಬಂದಿಲ್ರಿ” ಎಂದೆ. ಬಾಗಿಲಲ್ಲೇ ನಿಂತೆ. ಜೋಡಿಸಿಕೊಂಡಿದ್ದ ಮೊದಲ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ತಂಬಿಗೆ ತಂದು ಗಂಡನ ಗಂಗಾಳಕ್ಕೆ ನೀರು ಹಾಕಿದರು. ಅದೇ ತಂಬಿಗೆ. ಶಾಂತಯ್ಯನವರು ಆ ನೀರಿನಲ್ಲಿ ಗಂಗಾಳದ ಅಂಚನ್ನೆಲ್ಲ ಬೆರಳಿನಿಂದ ಸವರಿ ತೊಳೆದರು. ಎರಡೂ ಕೈಯಲ್ಲಿ ಎತ್ತಿ ಆ ನೀರನ್ನು ಕುಡಿದರು. ಕೊನೆಯ ಹನಿಯವರೆಗೂ ಕುಡಿದು, ಗಂಗಾಳವನ್ನು ಹಣೆಗೆ ಮುಟ್ಟಿಸಿ ಕೆಳಗಿಟ್ಟರು.

ನನ್ನ ಕಂಕುಳಲ್ಲಿದ್ದ ಸೀರೆ ಜಾರಿ ಕೆಳಗೆ ಬಿತ್ತು.

“ಇದೇನ್ರಿ ಇದು?” ಎಂದು ಕೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಶಿವಬಸವ್ವನವರು ಇದೇನು ಕೇಳುತ್ತಾಳೆ ಎನ್ನುವ ಹಾಗೆ ನೋಡಿದರು. “ಉಂಡದ್ದು ಪ್ರಸಾದ ಅಲ್ಲೇನವ್ವಾ? ಚೆಲ್ಲಬಾರದು. ಗಂಗಾಳ ತೊಳದ ನೀರೂ ಪ್ರಸಾದನ. ನಮ್ಮ ಹಿರೇರ ಕಾಲದಿಂದ ಹಿಂಗ ಐತಿ. ಈಗಿನ ಹುಡುಗ್ರಿಗೆ ಇದು ಬ್ಯಾಡ. ನಮ್ಮ ಹುಡುಗ ಸುದ್ದಾ ಕುಡಿಯೂದಿಲ್ಲ.”

ಎಷ್ಟು ದಿನ ನಮ್ಮ ಯುನಿಟ್‌ನ ಕ್ಯಾಂಟೀನಿನಲ್ಲಿ ಪ್ರಸಾದನ ಎದುರು ಕೂತು ಡಬ್ಬಿ ಉಂಡಿದ್ದೇನೆ! ಒಂದು ದಿನವೂ ಅವನು ಇದನ್ನು ಹೇಳಿರಲಿಲ್ಲ. ಆದರೂ ನನ್ನ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. “ಹಂಗಾರ ನನ್ನ ಗಂಗಾಳಕ್ಕ ಯಾಕ ಹಾಕಲಿಲ್ರಿ? ನಮ್ಮವ್ವನ ಗಂಗಾಳಕ್ಕ ಅಷ್ಟ ಯಾಕ?” ಎಂದು ಕೇಳಿದೆ. ಇದಕ್ಕೆ ಉತ್ತರ ಇರಲಾರದು ಎಂದುಕೊಂಡಿದ್ದೆ.

“ನೀ ಬದನಿಕಾಯಿ, ಅರ್ಧಾ ರೊಟ್ಟಿ ಹಂಗ ಬಿಟ್ಟಿದ್ದಿ. ಅದಕ್ಕ ನೀರು ಹಾಕಿ ಏನ್ ಮಾಡ್ಲಿ? ನಿಮ್ಮ ಅವ್ವಾರು ಒಂದು ಅಗಳ ಬಿಟ್ಟಿರಲಿಲ್ಲ. ನಮ್ಮ ಅತ್ತಿ ಹಂಗ ಉಣತಿದ್ರು. ನನಗ ಭಾಳ ಖುಷಿ ಆತು. ಇವರು ನಮ್ಮ ಮನೀ ಹಿರೇರಂಗ ಅದಾರಲ್ಲಾ ಅಂತ ಕೈ ತಾನ ತಂಬಗಿಗೆ ಹೋತು.” ಮತ್ತೆ ಹೇಳಿದರು. “ಅವರು ಹಂಗ ಎದ್ದು ಹ್ವಾದ್ರು. ನಮ್ಮ ಪದ್ಧತಿ ಕಂಡು ಹೇಸಿಗಿ ಪಟ್ಟಕೊಂಡ್ರು, ಓದಿದವರ ಸೊಕ್ಕು ಅಂತ ನಾನೂ ಸಿಟ್ಟಾಗಿದ್ದೆ.”

ಕೇಳಿದೆಯಾ ಅವ್ವಾ? ಬೇರೆಯವರು ಆಡಿಕೊಳ್ಳಬಾರದು ಎಂದು ನೀನು ಅಗುಳು ಬಿಡಲಿಲ್ಲ. ಅದನ್ನು ಭಕ್ತಿ ಎಂದು ತಿಳಿದು ಅವರು ನಿನಗೆ ನೀರು ಹಾಕಿದರು. ನೀನು ಅದನ್ನು ಅವಮಾನ ಎಂದು ತಿಳಿದು ಎದ್ದೆ. ಅದನ್ನು ಅವರು ಸೊಕ್ಕು ಎಂದು ತಿಳಿದರು. ಒಂದು ಗಂಗಾಳದ ಸುತ್ತ ಇಷ್ಟೆಲ್ಲ ನಡೆಯುವಾಗ ನಾನು ಬದನೆಕಾಯಿ ಬಿಟ್ಟು ಅವರ ಮುಖ ಓದುತ್ತಿದ್ದೆ. ಮುಖ ಓದುವುದರಲ್ಲಿ ನಾನು ಫೇಲು.

ಇಲ್ಲಿಗೆ ಕಥೆ ಮುಗಿಯಿತು, ನಿನ್ನದೇ ತಪ್ಪು ತಿಳುವಳಿಕೆ, ನಡಿ ಮನೆಗೆ ಎಂದು ಬರೆಯುತ್ತೇನೆ ಅಂದುಕೊಂಡಿದ್ದರೆ ಮಗಳನ್ನು ನೀನು ಅರ್ಥ ಮಾಡಿಕೊಂಡಿಲ್ಲ. ನಾನು ಒಳಗೆ ಹೋಗಿ ಅವರ ಎದುರು ಕೂತೆ. ನೀನು ಯಾಕೆ ಎದ್ದೆ ಎನ್ನುವುದನ್ನು ಒಂದನ್ನೂ ಬಿಡದೆ ಹೇಳಿದೆ. ದೊಡ್ಡ ಮನೆಯ ಹಿತ್ತಲು, ಮೇಲಿನಿಂದ ಸುರಿದ ನೀರು, ನೀಲಿ ಕಪ್, ಎಲ್ಲ. ಶಾಂತಯ್ಯನವರು ಎದ್ದು ಪಡಸಾಲೆಗೆ ಹೋಗಿಬಿಟ್ಟರು. ಶಿವಬಸವ್ವನವರು ಮೊದಲು ಕೆರಳಿದರು. “ನಾ ಹಂಗ ಮಾಡಾಕಿ ಅನ್ನಿಸ್ತೇನು ನಿಮಗ? ಮಗನ್ನ ಕೊಡಾಕ ಒಪ್ಪೀನಿ, ಗಂಗಾಳ ತೊಳಸ್ತೀನೇನು?” ಎಂದು ದನಿ ಏರಿಸಿದರು.

ನಾನು ದನಿ ಏರಿಸಲಿಲ್ಲ. ಒಂದೇ ಒಂದು ಕೇಳಿದೆ. “ನಿಮ್ಮ ತವರಮನ್ಯಾಗ ಹಿತ್ತಲದಾಗ ಯಾರೂ ಉಣತಿರಲಿಲ್ಲೇನ್ರಿ?”

ಅವರು ತಂಬಿಗೆಯ ಕಂಠವನ್ನು ಸೆರಗಿನಿಂದ ಒರೆಸುತ್ತ ಕೂತರು. ಒರೆಸಲು ಅಲ್ಲೇನೂ ಇರಲಿಲ್ಲ. “ಸತ್ಯವ್ವ ಅಂತ ಒಬ್ಬಾಕಿ ಬರತಿದ್ಲು” ಎಂದರು. “ನನ್ನ ಎತ್ತಿ ಆಡಿಸಿದಾಕಿ. ಆಕಿ ಗಂಗಾಳ ಹಿತ್ತಲ ಗ್ವಾಡಿಗೆ ಬೋರಲ ಇರತಿತ್ತು. ಆಕೀನ ತೊಳದ ಇಡತಿದ್ಲು. ನಾ ದಿನಾ ನೋಡೀನಿ. ಏನರ ಅನ್ನಿಸಬೇಕು ಅಂತ ಅನ್ನಿಸಲೇ ಇಲ್ಲ ನೋಡವ್ವಾ. ಬಾವಿ ಹೆಂಗಿತ್ತೋ, ತುಳಸಿಕಟ್ಟಿ ಹೆಂಗಿತ್ತೋ, ಹಂಗ ಅದೂ ಇತ್ತು.”

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನೀನು ಬೋರಲು ಇಟ್ಟ ಗಂಗಾಳ ಅಲ್ಲೇ ಇತ್ತು. ಯಾರೂ ಎತ್ತಿರಲಿಲ್ಲ. “ನೀವು ಹ್ವಾದಮ್ಯಾಲೆ ತರಾಕ ಬಂದೆ. ಅದು ಇಟ್ಟದ್ದು ನೋಡಿ ಸತ್ಯವ್ವನ ನೆಪ್ಪಾತು. ಯಾಕ ನೆಪ್ಪಾತು ಅಂತ ತಿಳಿಲಿಲ್ಲ. ಮುಟ್ಟಾಕ ಕೈ ಬರಲಿಲ್ಲ” ಎಂದರು. ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ಬಂದರೆ ಬರಲಿ, ನಮ್ಮ ಮನೆಯ ಕಪ್ ಹಿಡಿದು ನಾನೂ ಅತ್ತಿದ್ದೆನಲ್ಲ.

ಅವರೇ ಬಗ್ಗಿ ಆ ಗಂಗಾಳ ಎತ್ತಿದರು. ಒಳಗೆ ತಂದು ಅದರಲ್ಲೇ ತಮಗೆ ಬಡಿಸಿಕೊಂಡರು. ಇನ್ನೊಂದು ಗಂಗಾಳದಲ್ಲಿ ನನಗೆ ಬಡಿಸಿದರು. ಇಬ್ಬರೂ ಜೊತೆಗೆ ಕೂತು ಉಂಡೆವು. ನಾನು ಈ ಸಲ ಬದನೆಕಾಯಿ ಬಿಡಲಿಲ್ಲ. ನೀರು ಹಾಕಬೇಕೋ ಬೇಡವೋ ಎಂದು ಅವರು ತಂಬಿಗೆ ಹಿಡಿದು ನನ್ನ ಮುಖ ನೋಡಿದರು. “ಬ್ಯಾಡ್ರಿ, ನಮ್ಮದು ಬೌದ್ಧರ ಮನಿ, ನನಗ ಅದು ರೂಢಿಲ್ಲ” ಎಂದೆ. “ಬ್ಯಾಡಂದ್ರ ಬ್ಯಾಡಳವ್ವಾ” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮುಂದಿನ ಹಲ್ಲೊಂದು ಸೊಟ್ಟ ಇದೆ, ಪ್ರಸಾದನದೂ ಹಾಗೇ. ಸೀರೆಯ ಗಂಟನ್ನು ಅವರೇ ನನ್ನ ಕಂಕುಳಲ್ಲಿ ತುರುಕಿ ಕಳಿಸಿದರು. ಅದು ಯಾಕೆ ಬಂದಿತ್ತು ಎಂದು ಕೇಳಲಿಲ್ಲ, ಜಾಣರು. ಪ್ರಸಾದನಿಗೆ ಫೋನ್ ಮಾಡಿ ‘ಮುಗೀತು ಅಂದದ್ದು ಮುಗೀತು’ ಎಂದೆ. ಆಮೇಲೆ ಚೆನ್ನಾಗಿ ಬೈದೆ. ಮನೆಯ ಪದ್ಧತಿಗಳನ್ನು ಮೊದಲೇ ಹೇಳಬೇಕು ಎನ್ನುವ ಬುದ್ಧಿ ಅವನಿಗೆ ಬೇಡವೇ?

ನಿನ್ನ ಕಣ್ಣು ಸುಳ್ಳು ಹೇಳಲಿಲ್ಲ, ಅವ್ವಾ. ಅದು ಚಿಕ್ಕಂದಿನಲ್ಲಿ ದಿನವೂ ಕಂಡದ್ದನ್ನೇ ಅವತ್ತೂ ಕಂಡಿತು. ನಾಳೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ನೀರು ಹಾಕಿದರೆ ಅದು ಖರೇನೇ ಅವಮಾನ ಇರಬಹುದು. ಆಗ ನೀನು ಏಳುವ ಮೊದಲು ನಾನು ಏಳುತ್ತೇನೆ. ಆದರೆ ಗಂಗಾಳ ತೊಳೆಯುವುದಿಲ್ಲ, ಅಲ್ಲೇ ಬಿಟ್ಟು ಏಳುತ್ತೇನೆ. ಅವತ್ತು ನೀನು ತೊಳೆದದ್ದೇ ನನಗೆ ನೋವು. ನನ್ನ ಕಣ್ಣಿಗೆ ನೀನು ಯಾವಾಗಲೂ ಬೋರ್ಡಿನ ಮುಂದೆ ನೆಟ್ಟಗೆ ನಿಂತವಳು. ನೀನು ಬೇರೆಯವರ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನ್ನು ಕಂಡಾಗ ನನ್ನ ಕಾಲ ಕೆಳಗಿನ ನೆಲವೇ ಅಲುಗಿತು. ಇನ್ನು ಯಾರ ಮನೆಯಲ್ಲೂ ನೀನು ಹಾಗೆ ಕೂರಬಾರದು. ನನ್ನ ಮನೆಯಲ್ಲಂತೂ ಸಾಧ್ಯವೇ ಇಲ್ಲ.

ಶಿವಬಸವ್ವನವರು ದೇವತೆ ಅಲ್ಲ. ‘ಮಂದಿ ಏನಂದಾರು’ ಎನ್ನುವುದು ಅವರ ಬಾಯಿಂದ ಇನ್ನೂ ಎಷ್ಟೋ ಸಲ ಬರುತ್ತದೆ. ನಾನು ಉತ್ತರ ಕೊಡುತ್ತೇನೆ, ನನಗೆ ಬಾಯಿ ಇದೆ, ಅದನ್ನು ಕೊಟ್ಟವಳು ನೀನು. ಅವರ ಕಣ್ಣೂ ಬೆಳೆದ ಮನೆಯಲ್ಲಿ ಕಂಡದ್ದರಿಂದಲೇ ಆದದ್ದು. ಆದರೆ ಒಂದು ಗಂಗಾಳ ಎತ್ತಲು ಆಗದೆ ಮೂರು ದಿನ ಒದ್ದಾಡಿದ ಮನುಷ್ಯರ ಜೊತೆ ಸಂಸಾರ ಮಾಡಬಹುದು ಎನ್ನುವ ಧೈರ್ಯ ನನಗಿದೆ. ಈ ಸಲ ಗೇಜ್ ಹಚ್ಚಿ ನೋಡಿಯೇ ಹೇಳುತ್ತಿದ್ದೇನೆ.

ಇಪ್ಪತ್ತೆಂಟಕ್ಕೆ ಬಾ. ಆ ನೀಲಿ ಕಪ್ ಬ್ಯಾಗಿನಲ್ಲಿ ಬೇಕೆನಿಸಿದರೆ ಅದನ್ನೂ ತಾ, ನಾನು ಏನೂ ಅನ್ನುವುದಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ಈ ಪತ್ರವನ್ನು ಅವಳಿಗೂ ಓದಿ ಹೇಳು, ಗಟ್ಟಿಯಾಗಿ ಓದು, ಎಡಗಿವಿಗೆ ಕೇಳಿಸುವುದಿಲ್ಲ.

ನಿನ್ನ ಹಾಗೇ ಸಿಟ್ಟಿನವಳಾದ,
ನಿನ್ನ ಮಗಳು,
ಕರುಣಾ

ತಾ.ಕ.: ಒಂದು ವಿಷಯವನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಯಲ್ಲೇಶ ಮಾಮಾನ ಟಂಟಂನಲ್ಲಿ ಶಿವಬಸವ್ವನವರು ಕೂತಿದ್ದಾರೆ. ಈಗ, ನಿಮ್ಮ ಮನೆಯ ಮುಂದೆ. ನಾನು ಬಾ ಎಂದು ಕರೆದದ್ದಲ್ಲ, ಬೆಳಿಗ್ಗೆ ಅವರೇ ಹುಬ್ಬಳ್ಳಿಯಿಂದ ಬಂದರು. “ಬೀಗತ್ಯಾರು ಚೀಟಿ ಓದಿ ಕರದ್ರ ಇಳೀತೀನಿ, ಇಲ್ಲಂದ್ರ ಇದ ಗಾಡ್ಯಾಗ ತಿರುಗಿ ಹೋಗ್ತೀನಿ” ಎಂದು ಹೇಳಿಯೇ ಹತ್ತಿದ್ದಾರೆ. ಪೂಜೆ ಮುಗಿಸಿ ಹೊರಟವರು, ಇನ್ನೂ ಉಂಡಿಲ್ಲ. ಭಾನುವಾರ ನಿನ್ನ ಒಲೆಯ ಮೇಲೆ ಏನು ಕುದಿಯುತ್ತಿರುತ್ತದೆ ಎಂದು ನನಗೆ ಗೊತ್ತು. ಆ ಮಟನ್ ಸಾರನ್ನು ಮುಚ್ಚಿಡಬೇಡ, ಅವರಿಗೂ ಹೇಳಿದ್ದೇನೆ. ಅವರಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಸಾಕು. ಕರೆದೆಯಾದರೆ ಒಳಗೆ ಕೂರಿಸಿ, ಅಜ್ಜಿ ಉಣ್ಣುವ ಗಂಗಾಳದಲ್ಲೇ ಬಡಿಸು. ಅವರು ಒಂದು ಅಗುಳೂ ಬಿಡುವುದಿಲ್ಲ. ಉಂಡು ಮುಗಿದ ಮೇಲೆ ನೀರು ನೀನೇ ಹಾಕು, ಅವ್ವಾ. ಅವರು ಕುಡಿಯುವುದನ್ನು ಅಜ್ಜಿ ಎದುರು ಕೂತು ನೋಡಲಿ.